ಡೆನ್ಮಾರ್ಕಿಗೆ ಹೋಗಿಬಂದ ಪಡ್ಡಿನ ಹಂಚು

ಇಂಡಿ

ಪರದೇಶಕ್ಕೆ ಹೋಗಿ ಬಂದವರನ್ನು ನಮ್ಮೂರಿನ ಜನ ಸುಮ್ಮನೆ ಬಿಡುವುದಿಲ್ಲ. ನಾನು ಮೂರು ವಾರ ಡೆನ್ಮಾರ್ಕಿನಲ್ಲಿದ್ದು ಬಂದ ಮೇಲೆ ಮನೆಗೆ ಬಂದವರೆಲ್ಲ ಕೇಳಿದ್ದು ಎರಡೇ ಮಾತು: ಅಲ್ಲಿ ಚಳಿ ಎಷ್ಟು, ರೊಟ್ಟಿ ಸಿಗುತ್ತದೋ ಇಲ್ಲವೋ? ಚಳಿ ಬಹಳ, ಜೋಳದ ರೊಟ್ಟಿ ಇಲ್ಲ. ಇಷ್ಟು ಹೇಳಿದರೆ ಅವರಿಗೆ ಸಾಕಾಗುತ್ತಿತ್ತು, ಚಹಾ ಕುಡಿದು ಹೋಗುತ್ತಿದ್ದರು. ನನ್ನ ಜೊತೆ ಹೋಗಿಬಂದ ಪಡ್ಡಿನ ಹಂಚಿನ ಸಂಗತಿಯನ್ನು ಯಾರೂ ಕೇಳಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಇಂಡಿ ತಾಲೂಕಿನಲ್ಲಿ ಗ್ರಾಮಸೇವಿಕೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಹೊಲಿಗೆ, ಕೂಸಿನ ಆರೈಕೆ, ಹೊಗೆ ಕಡಿಮೆ ಮಾಡುವ ಒಲೆ ಹಾಕುವುದು, ಇವನ್ನೆಲ್ಲ ಕಲಿಸುವ ಕೆಲಸ. ಬೇರೆ ಬೇರೆ ದೇಶಗಳ ಇಂಥ ಕೆಲಸಗಾರರಿಗೆ ಡೆನ್ಮಾರ್ಕಿನ ಒಂದು ಹಳ್ಳಿ ಶಾಲೆಯಲ್ಲಿ ತರಬೇತಿ ಏರ್ಪಾಡಾಗಿತ್ತು. ಜಿಲ್ಲೆಯಿಂದ ನನ್ನ ಹೆಸರು ಹೋಗಿತ್ತು. ಹೆಸರು ಹೋಗುವುದು ಬೇರೆ, ಕರೆ ಬರುವುದು ಬೇರೆ ಎಂದುಕೊಂಡು ನಾನು ಅದನ್ನು ಮರೆತೂ ಬಿಟ್ಟಿದ್ದೆ. ಕರೆ ಬಂದೇಬಿಟ್ಟಿತು. ಕಾಗದದ ಕೊನೆಯಲ್ಲಿ ಒಂದು ಸೂಚನೆ ಇತ್ತು: ಪ್ರತಿಯೊಬ್ಬರೂ ತಮ್ಮ ಮನೆಯ ಒಂದು ವಸ್ತುವನ್ನು ತಂದು ಅದರ ವಿಷಯ ಎಲ್ಲರಿಗೂ ತಿಳಿಸಬೇಕು.

ನಾನು ಕೌದಿ ಒಯ್ಯುವುದೆಂದು ಮಾಡಿದ್ದೆ. ಹಗುರ, ಮೇಲಾಗಿ ಚಳಿಗೂ ಆಗುತ್ತದೆ. ಆದರೆ ನನ್ನ ಅತ್ತೆ ಗೌರವ್ವ ಅಡುಗೆಮನೆಯಿಂದ ಪಡ್ಡಿನ ಹಂಚು ತಂದು ನನ್ನ ಟ್ರಂಕಿನ ಮೇಲೆ ಇಟ್ಟರು.

“ಇದನ್ನ ಒಯ್ಯಿ.”

“ಅತ್ತಿ, ಇದು ಭಾಳ ವಜ್ಜ ಐತ್ರಿ. ವಿಮಾನದಾಗ ಎಲ್ಲಾ ತೂಕ ಮಾಡ್ತಾರಂತ.”

“ಮಾಡ್ಲಿ. ನಮ್ಮವ್ವನ ಹಂಚು ವಿಮಾನ ಹತ್ತೇತಿ ಅಂತ ಮುದ್ದೇಬಿಹಾಳಕ್ಕ ಸುದ್ದಿ ಮುಟ್ಟಲಿ.”

ಮುದ್ದೇಬಿಹಾಳದಲ್ಲಿ ಇರುವವರು ಅತ್ತೆಯ ತಂಗಿ ನೀಲವ್ವ. ಇಬ್ಬರ ತವರುಮನೆ ಸಿಂದಗಿ ತಾಲೂಕಿನ ದೇವಣಗಾಂವ. ಇಬ್ಬರ ಮನೆಯಲ್ಲೂ ಒಂದೇ ತರಹದ ಪಡ್ಡಿನ ಹಂಚು ಇದೆ. ಮದುವೆಯಾಗಿ ಹೊರಡುವಾಗ ತಾಯಿ ‘ಇದು ನಾ ಬಳಸಿದ ಹಂಚು, ನಿನಗ ಇರಲಿ’ ಎಂದು ತನಗೇ ಕೊಟ್ಟಳು ಎಂದು ಅತ್ತೆ ಹೇಳುತ್ತಾರೆ. ನಾಲ್ಕು ವರ್ಷದ ನಂತರ ಮದುವೆಯಾದ ನೀಲವ್ವನೂ ಅದೇ ಮಾತು ಹೇಳುತ್ತಾರೆ. ತಾಯಿ ತೀರಿಕೊಂಡು ಬಹಳ ವರ್ಷಗಳಾದವು, ಕೇಳೋಣವೆಂದರೆ ಇಲ್ಲ. ಹನ್ನೆರಡು ವರ್ಷಗಳ ಹಿಂದೆ ಒಂದು ಲಗ್ನದ ಮನೆಯಲ್ಲಿ, ಪಡ್ಡು ಹಾಕುತ್ತ ಕುಳಿತಿದ್ದಾಗ, ನೀಲವ್ವ ನಗುತ್ತ, “ಅಕ್ಕಾ, ನಿಂದು ನಕಲಿ, ಅಸಲಿ ನನ್ನ ಮನ್ಯಾಗ ಐತಿ” ಎಂದರು. ಮಾತಿಗೆ ಮಾತು ಬೆಳೆದು, ನೀಲವ್ವ ಊಟ ಮಾಡದೆ ಬಸ್ಸು ಹತ್ತಿದರು. ಅಂದಿನಿಂದ ಅಕ್ಕತಂಗಿ ಮಾತು ಬಿಟ್ಟರು.

ಆ ಲಗ್ನ ನನ್ನದೇ. ಹೊಸ ಸೊಸೆಯ ಕಾಲ್ಗುಣ ಎಂದು ಒಂದಿಬ್ಬರು ಅಂದದ್ದು ನನ್ನ ಕಿವಿಗೂ ಬಿದ್ದಿತ್ತು. ಆ ಹಂಚು ಕಂಡರೆ ನನಗೆ ಅಷ್ಟಕ್ಕಷ್ಟೇ.

ಹಂಚು ಬೀಡಿನದು, ಅಂದರೆ ಎರಕ ಹೊಯ್ದ ಕಬ್ಬಿಣದ್ದು. ಏಳು ಕುಳಿ, ಎರಡು ಕಿವಿ. ಬೋರಲು ಹಾಕಿದರೆ ಕುಳಿಗಳ ಬೆನ್ನು ಏಳು ಗುಬ್ಬಿಗಳಾಗಿ ಉಬ್ಬಿವೆ; ಅವುಗಳ ನಡುವೆ ಬಾಲಬೋಧ, ಅಂದರೆ ಮರಾಠಿ ಬರೆಯುವ ಅಕ್ಷರದಲ್ಲಿ ‘ನಂ. ೭’ ಎಂದಿದೆ. ಪಕ್ಕದಲ್ಲಿ ಒಂದು ಎಲೆಯ ಗುರುತು. ಅತ್ತೆಗೆ ಅದು ವೀಳ್ಯದೆಲೆ, ನನ್ನ ಗಂಡನಿಗೆ ಅರಳಿ ಎಲೆ, ನನಗೆ ಮಾವಿನಕಾಯಿ. ಅಂಚಿನಿಂದ ನಡುವಿನ ಗುಬ್ಬಿಯ ತನಕ ಕೂದಲಿನಷ್ಟು ಸಣ್ಣ ಗೆರೆ. ಆ ಗೆರೆಯ ಮೇಲೆ ಬೆರಳಿಟ್ಟು ಅತ್ತೆ ದನಿ ಇಳಿಸಿದರು.

“ಸೀಳು ಐತಿ, ಜ್ವಾಕಿ. ಜೋರು ಉರಿ ಹಚ್ಚಬ್ಯಾಡ. ಮತ್ತ, ಈ ಗೆರಿ ಯಾರಿಗೂ ತೋರಸಬ್ಯಾಡ.”

ಒಡಕಲು ಸಾಮಾನು ಪರದೇಶಕ್ಕೆ ಕಳಿಸಲು ಅವರಿಗೆ ನಾಚಿಕೆ ಎಂದುಕೊಂಡೆ. ಹಂಚನ್ನು ಕೌದಿಯಲ್ಲೇ ಸುತ್ತಿ ಟ್ರಂಕಿಗೆ ಹಾಕಿದೆ.

ಕೋಪನ್‌ಹೇಗನ್

ಇಂಡಿ ರೋಡ್ ಸ್ಟೇಶನ್ನಿನಿಂದ ಸೊಲ್ಲಾಪುರ, ಸೊಲ್ಲಾಪುರದಿಂದ ಮುಂಬಯಿ, ಮುಂಬಯಿಯಿಂದ ವಿಮಾನ. ವಿಮಾನದಲ್ಲಿ ನನ್ನ ಪಕ್ಕ ಕುಳಿತ ಪಂಜಾಬಿ ಹೆಂಗಸು ಹಾದಿಯುದ್ದಕ್ಕೂ ಕಣ್ಣು ಮುಚ್ಚಿ ಜಪ ಮಾಡಿದಳು. ನಾನು ಜಪ ಮಾಡಲಿಲ್ಲ, ಆದರೆ ಅವಳ ಜಪ ನಿಂತಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು.

ಕೋಪನ್‌ಹೇಗನ್ನಿನ ವಿಮಾನ ನಿಲ್ದಾಣದಲ್ಲಿ ಸುಂಕದ ಅಧಿಕಾರಿ ಟ್ರಂಕು ತೆಗೆಸಿದ. ಕೌದಿಯ ಗಂಟು ಎತ್ತಿದ, ಭಾರಕ್ಕೆ ಕೈ ಇಳಿಯಿತು. ನನ್ನ ಮುಖ ನೋಡಿದ. ಪದರ ಪದರವಾಗಿ ಕೌದಿ ಬಿಚ್ಚತೊಡಗಿದ. ನನಗೆ ಬಂದ ಇಂಗ್ಲಿಷೆಲ್ಲ ಆ ಹೊತ್ತಿಗೆ ಎಲ್ಲಿಗೋ ಹೋಗಿತ್ತು. ‘ಕುಕಿಂಗ್, ಕುಕಿಂಗ್’ ಎನ್ನುತ್ತ ಗಾಳಿಯಲ್ಲಿ ಪಡ್ಡು ತಿರುವಿ ತೋರಿಸಿದೆ.

ಹಂಚು ಹೊರಗೆ ಬಂದದ್ದೇ ತಡ, ಅವನು ದೊಡ್ಡ ದನಿಯಲ್ಲಿ ಏನೋ ಕೂಗಿದ. ಆಚೆಯಿಂದ ಇನ್ನಿಬ್ಬರು ಓಡಿ ಬಂದರು. ಮುಗಿಯಿತು, ಇಲ್ಲಿಂದಲೇ ತಿರುಗಿ ಕಳಿಸುತ್ತಾರೆ ಎಂದುಕೊಂಡೆ. ನೋಡಿದರೆ ಮೂವರೂ ನಗುತ್ತಿದ್ದಾರೆ! ಅವರಲ್ಲಿ ಹಿರಿಯನೊಬ್ಬ ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ: “ಅಮ್ಮಾ, ಇದು ನಮ್ಮ ಏಬ್ಲೆಸ್ಕೀವರ್ ಹಂಚು. ಕ್ರಿಸ್‌ಮಸ್ ತಿಂಗಳು ಬಂತೆಂದರೆ ನಮ್ಮ ಪ್ರತಿ ಮನೆಯಲ್ಲೂ ಒಲೆಗೆ ಏರುತ್ತದೆ. ನೀವು ಇದನ್ನು ಇಂಡಿಯಾದಿಂದ ಹೊತ್ತು ತಂದಿರಾ?”

ಅವನು ಅದನ್ನು ಮತ್ತೆ ಕೌದಿಯಲ್ಲಿ ಸುತ್ತಿಕೊಟ್ಟ. ನಾನು ಸುತ್ತಿದ್ದಕ್ಕಿಂತ ಚೊಕ್ಕಾಗಿಯೇ ಸುತ್ತಿದ.

ಫ್ಯೂನ್ ದ್ವೀಪ

ರೈಲು ಸಮುದ್ರದ ದಂಡೆಗೆ ಬಂದು ನಿಂತಿತು. ಇಳಿಯಬೇಕೇನೋ ಎಂದು ನಾನು ಟ್ರಂಕು ಎಳೆದುಕೊಂಡು ಬಾಗಿಲಿಗೆ ಬಂದರೆ ಯಾರೂ ಅಲುಗಾಡಲಿಲ್ಲ. ರೈಲು ಹಾಗೆಯೇ ಹಡಗಿನ ಹೊಟ್ಟೆಯೊಳಗೆ ಹೋಯಿತು. ಕೃಷ್ಣೆ ದಾಟಲು ಕೊಲ್ಹಾರದಲ್ಲಿ ನಾವು ಪಡುವ ಪಾಡು ನೆನೆದು, ಇಲ್ಲಿ ರೈಲನ್ನೇ ನಾವೆಗೆ ಹತ್ತಿಸಿದ್ದಾರಲ್ಲ ಎಂದು ಬೆರಗಾದೆ.

ದ್ವೀಪದ ಆಚೆ ದಂಡೆಗೆ ಹತ್ತಿರದ ಒಂದು ಸಣ್ಣ ಊರಲ್ಲಿ ಶಾಲೆ. ನಮ್ಮನ್ನು ಊರಿನ ಮನೆಗಳಲ್ಲಿ ಒಬ್ಬೊಬ್ಬರನ್ನಾಗಿ ಇಳಿಸಿದ್ದರು. ನನ್ನ ಪಾಲಿಗೆ ಬಂದವರು ಕಿರ್ಸ್ಟೆನ್ ಎಂಬ ವಿಧವೆ. ಅರವತ್ತು ದಾಟಿದ್ದರೂ ಸೈಕಲ್ ಮೇಲೆ ತರಕಾರಿ ತರುತ್ತಿದ್ದರು. ಇಂಗ್ಲಿಷ್ ಬರುತ್ತಿತ್ತು, ಹೀಗಾಗಿ ಬಚಾವಾದೆ.

ಆ ದೇಶದಲ್ಲಿ ಯಾರಿಗೂ ಬಹುವಚನವಿಲ್ಲ. ಶಾಲೆಯ ಮುಖ್ಯಸ್ಥನನ್ನೂ ಹುಡುಗರು ಹೆಸರು ಹಿಡಿದು ಕರೆಯುತ್ತಾರೆ. ನನ್ನ ನಾಲಿಗೆ ಇದಕ್ಕೆ ಏನು ಮಾಡಿದರೂ ಒಪ್ಪಲಿಲ್ಲ. ‘ಕಿರ್ಸ್ಟೆನ್’ ಎಂದು ಬರಿದೆ ಕರೆಯಲಾರದೆ ‘ಕಿರ್ಸ್ಟೆನ್‌ರೀ’ ಎಂದೆ. ಎರಡು ದಿನ ಕಳೆದ ಮೇಲೆ ಅವರು ಕೇಳಿದರು: “ನನ್ನ ಹೆಸರಿನ ಕೊನೆಗೆ ಏನು ಸೇರಿಸುತ್ತೀ?” ಮರ್ಯಾದೆ ಎಂದೆ. ಅವರಿಗೆ ಬಹಳ ಖುಷಿಯಾಗಿ, ತಮ್ಮ ಬೆಕ್ಕಿಗೂ ‘ರೀ’ ಹಚ್ಚಿ ಕರೆಯತೊಡಗಿದರು.

ಊಟದ್ದೇ ಕಷ್ಟ. ನಾನು ಮಾಂಸ, ಮೊಟ್ಟೆ ತಿನ್ನುವವಳಲ್ಲ. ಕಿರ್ಸ್ಟೆನ್ ಪ್ರತಿ ದಿನವೂ “ಮೀನು?” ಎಂದು ಆಸೆಯಿಂದ ಕೇಳುತ್ತಿದ್ದರು; ಮೀನು ತರಕಾರಿಯಲ್ಲ ಎಂದು ತಿಳಿಸಿ ಹೇಳಲು ನನಗೆ ಒಂದು ವಾರ ಹಿಡಿಯಿತು. ಕಡೆಗೆ ಆಲೂಗಡ್ಡೆ, ಕಪ್ಪಗಿನ ಹುಳಿರೊಟ್ಟಿ, ಮಜ್ಜಿಗೆ ಇವುಗಳ ಮೇಲೆ ಒಪ್ಪಂದವಾಯಿತು. ನಾನು ಒಯ್ದ ಶೇಂಗಾ ಚಟ್ನಿಯನ್ನು ಅವರು ಬೆಣ್ಣೆಯ ಮೇಲೆ ಉದುರಿಸಿಕೊಂಡು ತಿಂದು, ಕಣ್ಣೀರು ಸುರಿಸುತ್ತ ಇನ್ನಷ್ಟು ಕೇಳಿದರು.

ಪಡ್ಡಿನ ದಿನ

ನನ್ನ ಸರದಿ ಎರಡನೆಯ ಶನಿವಾರ ಬಂತು. ಅಕ್ಕಿ, ಉದ್ದಿನಬೇಳೆ ಮನೆಯಿಂದಲೇ ಒಯ್ದಿದ್ದೆ. ಕಿರ್ಸ್ಟೆನ್ ಅವರ ಮಿಕ್ಸರಿನಲ್ಲಿ ರುಬ್ಬಿದೆ. ಆ ಚಳಿಗೆ ಹಿಟ್ಟು ಹುಳಿ ಬರುವುದುಂಟೇ? ಕೋಣೆ ಬೆಚ್ಚಗಿಡುವ ಬಿಸಿನೀರಿನ ಕೊಳವೆಯ ಪಕ್ಕ ಪಾತ್ರೆ ಇಟ್ಟು ಮಲಗಿದೆ. ಬೆಳಿಗ್ಗೆ ಎದ್ದರೆ ಹಿಟ್ಟು ಉಕ್ಕಿ ಚಾಪೆಯ ಮೇಲೆಲ್ಲ ಹರಿದಿದೆ, ಬೆಕ್ಕು ಕುಳಿತು ನೆಕ್ಕುತ್ತಿದೆ. ಉಳಿದ ಹಿಟ್ಟಿನಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಹಾಕಿ ಪಡ್ಡು ಹೊಯ್ದೆ. ಕೆನ್ಯಾ ದೇಶದವಳೊಬ್ಬಳು ಹದಿನಾಲ್ಕು ತಿಂದಳು.

ಕಿರ್ಸ್ಟೆನ್ ಪಕ್ಕದಲ್ಲೇ ತಮ್ಮ ಹಂಚಿಟ್ಟು ಏಬ್ಲೆಸ್ಕೀವರ್ ಮಾಡಿದರು. ಕುಳಿಯೂ ಏಳೇ. ನಾವು ಕಡ್ಡಿಯಿಂದ ತಿರುವುವುದನ್ನು ಅವರು ಸ್ವೆಟರ್ ಹೆಣೆಯುವ ಸೂಜಿಯಿಂದ ತಿರುವುತ್ತಾರೆ. ನಮ್ಮದು ಖಾರ, ಅವರದು ಸಿಹಿ. ಮೇಲೆ ಸಕ್ಕರೆ ಪುಡಿ. ಒಳಗೆ ಮೊಟ್ಟೆ ಇದ್ದುದರಿಂದ ನಾನು ವಾಸನೆ ನೋಡಿ ಬಿಟ್ಟೆ.

ಆಮೇಲೆ ಆದದ್ದು ಅನಾಹುತ. ನಾನು ಆಚೆ ತಾಟು ತೊಳೆಯುತ್ತಿದ್ದೆ. ನನಗೆ ಸಹಾಯ ಮಾಡುವ ಉಮೇದಿನಲ್ಲಿ ಕಿರ್ಸ್ಟೆನ್ ಇನ್ನೂ ಬಿಸಿಯಿದ್ದ ನಮ್ಮ ಹಂಚನ್ನು ತಣ್ಣೀರಿನ ನಲ್ಲಿಯ ಕೆಳಗೆ ಹಿಡಿದರು. ಚೊಯ್ ಎಂದು ಹಬೆ ಎದ್ದಿತು. ನಾನು “ಅಯ್ಯೋ ಯವ್ವಾ!” ಎಂದು ಕೂಗಿದೆ. ಬಿಸಿ ಬೀಡಿಗೆ ತಣ್ಣೀರು ತಾಗಿದರೆ ಸೀಳುತ್ತದೆಂದು ಯಾರಿಗೆ ಗೊತ್ತಿಲ್ಲ? ಅವರಿಗೂ ಗೊತ್ತು, ಮಾತಿನ ಭರದಲ್ಲಿ ಮರೆತಿದ್ದರು. ಹಂಚು ತಿರುವಿ ನೋಡಿದರು. ಗೆರೆ ಕಂಡಿತು.

ಕಿರ್ಸ್ಟೆನ್ ಅವರ ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು. “ನಿನ್ನ ಅತ್ತೆಯ ಹಂಚು ಒಡೆದುಬಿಟ್ಟೆ” ಎಂದು ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತರು.

“ಇಲ್ಲ, ಅದು ಮೊದಲಿನಿಂದಲೂ ಇದೆ” ಎಂದೆ.

“ನನ್ನ ಮನಸ್ಸು ನೋಯಬಾರದೆಂದು ಹಾಗೆ ಹೇಳುತ್ತೀ.”

ಎಷ್ಟು ಹೇಳಿದರೂ ನಂಬಲಿಲ್ಲ. ಅವರ ಗಂಡನ ಗೆಳೆಯ ಯೆನ್ಸ್ ಎಂಬವರು ಆ ಊರಿನ ಎರಕದ ಕಾರ್ಖಾನೆಯಲ್ಲಿ ನಲವತ್ತು ವರ್ಷ ಅಚ್ಚು ಕಟ್ಟಿದವರಂತೆ. ಬೆಳಿಗ್ಗೆ ಎದ್ದು ಅವರಲ್ಲಿಗೆ ಹೋಗೋಣ, ಬೆಸುಗೆ ಹಾಕಲು ಬರುತ್ತದೋ ಕೇಳೋಣ ಎಂದರು.

ಮೋಟಾರಿಲ್ಲದ ಭಾನುವಾರ

ಆ ಚಳಿಗಾಲ ಪೆಟ್ರೋಲಿಗೆ ಕೊರತೆ ಬಂದು, ಭಾನುವಾರ ಯಾರೂ ಮೋಟಾರು ಓಡಿಸಬಾರದೆಂದು ಸರಕಾರ ಕಟ್ಟು ಮಾಡಿತ್ತು. ಅಗಲವಾದ ಡಾಂಬರು ರಸ್ತೆಯಲ್ಲಿ ಮುದುಕರು, ಕೂಸುಗಳು, ನಾಯಿಗಳು ನಡುವೆಯೇ ನಡೆದಿದ್ದರು. ಒಬ್ಬ ಕುದುರೆಗಾಡಿ ಹೊರಡಿಸಿ ಎಲ್ಲರಿಗೂ ಟೊಪ್ಪಿಗೆ ಎತ್ತಿ ನಮಸ್ಕಾರ ಮಾಡುತ್ತಿದ್ದ. ಅವರಿಗೆ ಅದು ದೊಡ್ಡ ಸೋಜಿಗ. ನನಗೆ ಬಸವನ ಬಾಗೇವಾಡಿಯ ರಸ್ತೆ ಕಂಡ ಹಾಗಾಗಿ ಮೊದಲ ಸಲ ಮನೆ ನೆನಪಾಯಿತು.

ನನಗೆ ಸೈಕಲ್ ಬರುವುದಿಲ್ಲ. ಕಿರ್ಸ್ಟೆನ್ ಪಕ್ಕದ ಮನೆಯ ಸಾಮಾನು ಸಾಗಿಸುವ ಸೈಕಲ್ ಕೇಳಿ ತಂದರು. ಅದಕ್ಕೆ ಮುಂದೆ ಒಂದು ಮರದ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ, ಇಳಕಲ್ ಸೀರೆ ಉಟ್ಟು, ಮೇಲೆ ಕಿರ್ಸ್ಟೆನ್ ಅವರ ಗಂಡನ ಕೋಟು ತೊಟ್ಟು, ಮಡಿಲಲ್ಲಿ ಹಂಚು ಇಟ್ಟುಕೊಂಡು ನಾನು ಕುಳಿತೆ. ಅರವತ್ತು ದಾಟಿದ ಆ ಹೆಂಗಸು ನನ್ನನ್ನು ಕೂರಿಸಿಕೊಂಡು ಸೈಕಲ್ ತುಳಿಯುತ್ತ ಹೊರಟರು. ದಾರಿಯುದ್ದಕ್ಕೂ ಜನ ಕೈ ಬೀಸಿದರು. ಇಂಡಿಯಲ್ಲಿ ಯಾರೂ ಇದನ್ನು ನೋಡುವಂತಿಲ್ಲವಲ್ಲ ಎಂದು ನಾನೂ ಬೀಸಿದೆ.

ಯೆನ್ಸ್ ಎಪ್ಪತ್ತರ ಆಸುಪಾಸಿನವರು. ಇಂಗ್ಲಿಷ್ ಬಾರದು. ಕಿರ್ಸ್ಟೆನ್ ನಡುವೆ ಕುಳಿತು ಅವರ ಮಾತು ನನಗೆ, ನನ್ನ ಮಾತು ಅವರಿಗೆ ದಾಟಿಸಿದರು. ಮುದುಕರು ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ. ಹಂಚಿನ ಒಂದು ಕಿವಿಯನ್ನು ಎರಡು ಬೆರಳಲ್ಲಿ ತೂಗು ಹಿಡಿದು, ಕಟ್ಟಿಗೆಯ ಚಮಚದಿಂದ ಬಡಿದರು. ಟಣ್ ಎಂದಿತು, ಒಳ್ಳೇ ಗಂಟೆಯ ಹಾಗೆ. ಬಹಳ ಹೊತ್ತು ಗುಂಯ್ ಎನ್ನುತ್ತಿತ್ತು.

“ಒಡೆದಿಲ್ಲ” ಎಂದರು. “ಒಡೆದ ಬೀಡು ದಪ್ ಎನ್ನುತ್ತದೆ, ಹೀಗೆ ಹಾಡುವುದಿಲ್ಲ.”

ಕಿರ್ಸ್ಟೆನ್ ದೊಡ್ಡದಾಗಿ ಉಸಿರು ಬಿಟ್ಟರು. “ಹಾಗಾದರೆ ಈ ಗೆರೆ?” ಎಂದು ನಾನು ಕೇಳಿದೆ.

ಈಗ ಅವರು ಕನ್ನಡಕ ಹಾಕಿಕೊಂಡರು. ಕಿಟಕಿಯ ಬೆಳಕಿಗೆ ಹೋಗಿ ಹಂಚನ್ನು ಬೋರಲು ಹಿಡಿದು, ಹೆಬ್ಬೆರಳಿನಿಂದ ಒಂದೊಂದೇ ಗುರುತು ಸವರಿದರು. ಆ ಅಕ್ಷರಗಳು ಅವರಿಗೆ ಓದಲು ಬಾರವು. ಆದರೂ ಓದಿದರು. ನಡುವಿನ ಗುಬ್ಬಿಯ ಮೇಲಿನ ಒರಟು ಕಲೆ ತೋರಿಸಿ, ಕರಗಿದ ಕಬ್ಬಿಣ ಇಲ್ಲಿಂದ ಒಳಗೆ ಹೊಯ್ದಿದ್ದಾರೆ, ಹಳೆಯ ಪದ್ಧತಿ ಎಂದರು. ಆಮೇಲೆ ಒಳಗಿನಿಂದ ತಮ್ಮ ಹೆಂಡತಿಯ ಹಂಚು ತಂದು ಪಕ್ಕದಲ್ಲಿಟ್ಟರು. ಅದರ ಅಂಕಿ ಚಾಕುವಿನಿಂದ ಕೊರೆದಷ್ಟು ಚೂಪಾಗಿತ್ತು. ಅಂಕಿಯ ಬಗಲಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ. “ಈ ಚುಕ್ಕೆ ನಾನು. ಪ್ರತಿ ಕೆಲಸಗಾರನಿಗೂ ಒಂದೊಂದು ಗುರುತು ಇತ್ತು, ಹಂಚು ಕೆಟ್ಟರೆ ಯಾರಿಗೆ ಬಯ್ಯಬೇಕೆಂದು ತಿಳಿಯಲು” ಎಂದು ನಕ್ಕರು.

“ಇದನ್ನು ಕಟ್ಟಿಗೆಯ ಮಾದರಿಯಿಟ್ಟು ಮರಳಿನಲ್ಲಿ ಅಚ್ಚು ತೆಗೆದು ಎರೆದದ್ದು. ಆದ್ದರಿಂದ ಅಂಚು ಚೂಪು. ನಿನ್ನದರ ಅಕ್ಷರ ನೋಡು, ಸಾಬೂನು ಕರಗಿದ ಹಾಗಿದೆ. ಯಾರೋ ಒಂದು ಹಳೆಯ ಹಂಚನ್ನೇ ಮರಳಿನಲ್ಲಿ ಒತ್ತಿ ಅಚ್ಚು ತೆಗೆದಿದ್ದಾರೆ. ಬೀಡು ಆರುವಾಗ ಕುಗ್ಗುತ್ತದೆ, ಹೀಗಾಗಿ ಇದು ತನ್ನ ತಾಯಿಗಿಂತ ಒಂದಿಷ್ಟೇ ಸಣ್ಣದು. ಆ ತಾಯಿ ಹಂಚು ಸೀಳಿತ್ತು. ಆ ಸೀಳೂ ಮರಳಿನಲ್ಲಿ ಮೂಡಿದೆ. ನಿನ್ನ ಹಂಚಿನ ಮೇಲೆ ಇರುವುದು ಸೀಳಲ್ಲ, ಸೀಳಿನ ಚಿತ್ರ.”

ಕಿರ್ಸ್ಟೆನ್ ಸಂತೋಷದಿಂದ ಕೈ ತಟ್ಟಿದರು. ನಾನು ತಟ್ಟಲಿಲ್ಲ. ಅತ್ತೆಯ ಹಂಚು ನಕಲಿ. ನೀಲವ್ವ ಅಂದದ್ದೇ ಖರೆ. ಹನ್ನೆರಡು ವರ್ಷದ ಜಗಳದಲ್ಲಿ ಸೋತ ಸುದ್ದಿಯನ್ನು ಅತ್ತೆಗೆ ಮುಟ್ಟಿಸಲು ನಾನು ಸಮುದ್ರ ದಾಟಿ ಬಂದ ಹಾಗಾಯಿತು. ಕಾಲ್ಗುಣ ಅಂದವರಿಗೆ ಇನ್ನೇನು ಬೇಕು?

ಯೆನ್ಸ್ ಅವರಿಗೆ ನನ್ನ ಮುಖ ಕಂಡು ಅನುಮಾನ ಬಂತು. ನಾನು ಅಕ್ಕತಂಗಿಯರ ಕತೆ ಹೇಳಿದೆ. ಅವರು ಎದ್ದು ಬಂದು ಹಂಚನ್ನು ನನ್ನ ಕೈಯಲ್ಲಿಟ್ಟು, ನನ್ನ ಹೆಬ್ಬೆರಳು ಹಿಡಿದು ಅಕ್ಷರಗಳ ಮೇಲೆ, ಗೆರೆಯ ಮೇಲೆ ಓಡಿಸಿದರು. “ನೆನಪಿಟ್ಟುಕೋ. ಊರಿಗೆ ಹೋಗಿ ಇನ್ನೊಂದನ್ನೂ ಹೀಗೇ ಮುಟ್ಟಿ ನೋಡು. ಎರಡನ್ನೂ ನೋಡದೆ ಯಾರಿಗೂ ಏನೂ ಹೇಳಬೇಡ.”

ಮತ್ತೆ ಇಂಡಿ

ಕಿರ್ಸ್ಟೆನ್ ಸ್ಟೇಶನ್ನಿನಲ್ಲಿ ಅತ್ತರು. ನಾನೂ ಅತ್ತೆ. ಅಲ್ಲಿಯ ಜನ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅವರು ಅಳುತ್ತಲೇ ಗಡಿಯಾರ ನೋಡಿಕೊಂಡು, ರೈಲು ಒಂದು ನಿಮಿಷ ತಡ ಎಂದರು.

ಮನೆಯಲ್ಲಿ ಹಂಚು ಟ್ರಂಕಿನಿಂದ ಹೊರಗೆ ಬರುವ ಮೊದಲೇ ಅತ್ತೆ ಕೇಳಿದರು: “ಹಂಚು ನೋಡಿ ಏನಂದ್ರು?”

“ಭಾಳ ಚಲೋ ಐತಿ ಅಂದ್ರರೀ. ಗಂಟಿ ಹಾಂಗ ಬಾರಸ್ತೈತಿ ಅಂದ್ರು.”

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಅತ್ತೆ ಓಣಿಯವರಿಗೆಲ್ಲ ಇದನ್ನೇ ಹೇಳಿಕೊಂಡು ಬಂದರು. ಅವರು ಹಾಗೆ ಹೇಳುವಾಗ ನಾನು ಏನಾದರೂ ಕೆಲಸ ಹುಡುಕಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದೆ.

ಮುದ್ದೇಬಿಹಾಳ

ಪರದೇಶದಲ್ಲಿ ಕಲಿತದ್ದನ್ನು ತಾಲೂಕು ತಾಲೂಕಿಗೆ ಹೋಗಿ ಹೇಳಬೇಕೆಂದು ಹುಕುಂ ಆಯಿತು. ಬಸವನ ಬಾಗೇವಾಡಿಯ ಮಹಿಳಾ ಮಂಡಳದಲ್ಲಿ ಮಾತಾಡಿ, ಅಲ್ಲಿಂದ ಇಂಡಿಯ ಬಸ್ಸು ಹಿಡಿಯುವ ಬದಲು ಮುದ್ದೇಬಿಹಾಳದ ಬಸ್ಸು ಹತ್ತಿದೆ.

ನೀಲವ್ವ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಮೇಲಿಂದ ಕೆಳಗೆ ನೋಡಿದರು. “ಬಾ ಒಳಗ. ಬಡಕ ಆಗೀದಿ. ಅಲ್ಲಿ ಉಣ್ಣಾಕ ಹಾಕಲಿಲ್ಲೇನು?”

ಊಟ ಆಯಿತು. ಎಲೆಯಡಿಕೆ ಆಯಿತು. ಸಣ್ಣತ್ತೀ, ನಿಮ್ಮ ಪಡ್ಡಿನ ಹಂಚು ಒಮ್ಮೆ ತೋರಿಸ್ತೀರೇನ್ರಿ ಎಂದೆ. ಅವರ ಮುಖ ಬಿಗಿಯಿತು.

“ಅಕ್ಕ ಕಳಿಸ್ಯಾಳೇನು?”

“ಇಲ್ರಿ. ನಾ ಬಂದದ್ದು ಅವರಿಗೆ ಗೊತ್ತಿಲ್ರಿ.”

ಹಂಚು ತಂದರು. ಆದರೆ ಅದನ್ನು ಮಡಿಲಲ್ಲಿಟ್ಟುಕೊಂಡು, ಕೆಳಬದಿಗೆ ಸೆರಗು ಮುಚ್ಚಿ ಕುಳಿತರು. ನಾನು ಮೆಲ್ಲನೆ ಸೆರಗು ಸರಿಸಿ ತಿರುವಿದೆ. ‘ನಂ. ೭’, ಸಾಬೂನು ಕರಗಿದ ಹಾಗೆ. ಎಲೆಯೋ ಮಾವಿನಕಾಯಿಯೋ, ಅದೂ ಹಾಗೆಯೇ. ಅಂಚಿನಿಂದ ನಡುವಿನ ಗುಬ್ಬಿಯ ತನಕ ಅದೇ ಜಾಗದಲ್ಲಿ ಅದೇ ಗೆರೆ. ಎದ್ದು ಹೋಗಿ ಸೌಟು ತಂದು ಬಡಿದೆ. ಟಣ್ ಎಂದಿತು.

ಕುಳಿತು ನಗತೊಡಗಿದೆ. ನೀಲವ್ವ ಗಾಬರಿಯಾದರು. ಇದೂ ನಕಲೇ, ಅತ್ತೆಯದೂ ನಕಲೇ, ಎರಡೂ ಒಂದೇ ಸೀಳಿದ ಹಂಚಿನ ಮಕ್ಕಳು ಎಂದು ಯೆನ್ಸ್ ಹೇಳಿದ್ದೆಲ್ಲ ಬಿಡಿಸಿ ಹೇಳಿದೆ. ಅವರು “ಅಕ್ಕನ ಹಂಚಿಗೂ ಗೆರಿ ಐತೇನು?” ಎಂದು ಮಾತ್ರ ಕೇಳಿದರು.

ಮನೆಗೆ ಬಂದು ಅತ್ತೆಗೂ ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ತಯಾರಾಗಿಯೇ ಹೇಳಿದ್ದೆ. ಅವರು ಕೇಳಿದ್ದೂ ಅದೇ ಮಾತು: “ನೀಲವ್ವನ ಹಂಚಿಗೂ ಗೆರಿ ಐತೇನು?” ಮರುದಿನ ಜಳಕ ಮಾಡಿ ಬಂದು, ಮುದ್ದೇಬಿಹಾಳದ ಮೋಟರು ಎಷ್ಟು ಗಂಟೆಗೆ ಎಂದರು. ನಾನು ಭಾನುವಾರ ಬರುತ್ತೇವೆಂದು ಒಂದು ಕಾರ್ಡು ಬರೆದು ಹಾಕಿದೆ.

ಭಾನುವಾರ

ಹನ್ನೆರಡು ವರ್ಷಗಳ ನಂತರ ಅಕ್ಕತಂಗಿ ಆಡಿದ ಮೊದಲ ಮಾತು ಇದು.

“ನೀರ ಕುಡೀತಿಯೇನು?”

“ಕೊಡು.”

ನೀಲವ್ವನ ಮನೆಯ ಪಡಸಾಲೆಯಲ್ಲಿ ಎರಡೂ ಹಂಚುಗಳನ್ನು ಪಕ್ಕಪಕ್ಕ ಬೋರಲು ಹಾಕಿದೆ. ಇಬ್ಬರೂ ಬಾಗಿ ನೋಡಿದರು. ಅತ್ತೆಯ ಬೆರಳು ತಂಗಿಯ ಹಂಚಿನ ಗೆರೆಯ ಮೇಲೆ, ತಂಗಿಯ ಬೆರಳು ಅಕ್ಕನ ಹಂಚಿನ ಗೆರೆಯ ಮೇಲೆ.

“ಇಬ್ಬರಿಗೂ ಸುಳ್ಳ ಹೇಳ್ಯಾಳ ನೋಡು ಅವ್ವ” ಎಂದರು ಅತ್ತೆ.

“ಸಾಯೂತನ ಬಾಯಿ ಬಿಡಲಿಲ್ಲ ಮುದುಕಿ” ಎಂದರು ನೀಲವ್ವ. ಇಬ್ಬರೂ ಸ್ವಲ್ಪ ನಕ್ಕರು. ನನಗೆ ಹೋದ ಜೀವ ಬಂದ ಹಾಗಾಯಿತು.

ಆಮೇಲೆ ನೀಲವ್ವ ನೆಲ ನೋಡುತ್ತ ಹೇಳಿದರು: “ಅಕ್ಕಾ, ಅವ್ವಂದು ಒಡದಾಕಿ ನಾ. ಸಣ್ಣಾಕಿದ್ದಾಗ ಕೆಡವಿದ್ನಿ. ನನ್ನ ಹಂಚಿಗೆ ಗೆರಿ ಐತಿ, ಅದಕ್ಕ ಇದ ಅವ್ವನ ಹಂಚು ಅಂತ ನಾ ನಂಬಿದ್ನಿ. ಆದ್ರ ಅದನ್ನ ತೋರಸಬೇಕಂದ್ರ ನಾ ಒಡದದ್ದೂ ಹೇಳಬೇಕಾಗ್ತಿತ್ತು. ನಾಚಿಕಿ ಬಂತು.”

ಅತ್ತೆ ಸುಮ್ಮನಿದ್ದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಮಾತು ಕೂಡಿತ್ತು, ನಗುವೂ ಬಂದಿತ್ತು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಇಲ್ಲ ನೀಲಾ. ನೀ ಕೆಡವಿಲ್ಲ.”

“ನನಗ ನೆನಪೈತಿ. ಅವ್ವ ಹೊಡದ್ಲು.”

“ಹೊಡದ್ಲು. ನೀ ಐದು ವರ್ಷದಾಕಿ, ನಾ ಒಂಬತ್ತು. ಬಾವಿ ಕಟ್ಟಿ ಮ್ಯಾಲೆ ತಿಕ್ಕಾಕ ಒಯ್ದಿದ್ನಿ, ನನ್ನ ಕೈ ಜಾರಿತು. ನೀ ಅಲ್ಲೇ ಮಣ್ಣಾಗ ಆಡಾಕತ್ತಿದ್ದಿ. ಅವ್ವ ಓಡಿ ಬಂದು ಯಾರು ಕೆಡವಿದಾಕಿ ಅಂದ್ಲು. ನಾ ನಿನ್ನ ಕಡೆ ಬಟ್ಟು ಮಾಡಿದ್ನಿ.” ಅತ್ತೆಯ ದನಿ ಒಡೆಯಿತು. “ಏಟು ತಿಂದು ನೀನೂ ‘ನಾ ಕೆಡವಿದ್ನಿ, ನಾ ಕೆಡವಿದ್ನಿ’ ಅಂತ ಅತ್ತಿ. ಆಮ್ಯಾಲೆ ಅದನ್ನ ಖರೆ ಅಂತ ತಿಳಕೊಂಡಿ. ನಾ ಬಾಯಿ ಬಿಡಲಿಲ್ಲ. ಗೆರಿ ತೋರಸಾಕ ನಂಗೂ ಅದಕ್ಕ ಆಗಲಿಲ್ಲ.”

ನೀಲವ್ವ ಅಕ್ಕನನ್ನು ನೋಡಿದರು, ಹಂಚು ನೋಡಿದರು.

“ಅಂದ್ರ ನಾ ಒಡದಿಲ್ಲ?”

“ಇಲ್ಲ.”

ಅವರು ನನ್ನ ಕಡೆ ತಿರುಗಿದರು. ಐವತ್ತೆಂಟು ವರ್ಷದ ಹೆಂಗಸಿನ ಮುಖ ಐದು ವರ್ಷದ ಕೂಸಿನದಾಗಿತ್ತು. “ಕೇಳಿದಿ ಇಲ್ಲವಾ? ನಾ ಒಡದಿಲ್ಲಂತ.”

“ಕೇಳೇನ್ರಿ ಸಣ್ಣತ್ತೀ.”

ನೀಲವ್ವ ಎದ್ದು ಒಳಗೆ ಹೋದರು. ಸಿಟ್ಟು ಬಂದು ಹೋದರೆಂದೇ ನಾನು ಹೆದರಿದೆ. ಅತ್ತೆ ತಲೆ ತಗ್ಗಿಸಿ ಕುಳಿತಿದ್ದರು. ಬರುವಾಗ ನೀಲವ್ವನ ಕೈಯಲ್ಲಿ ನೆನೆಹಾಕಿದ ಅಕ್ಕಿ, ಉದ್ದಿನಬೇಳೆಯ ಬೋಗುಣಿಗಳಿದ್ದವು. ನನ್ನ ಕಾರ್ಡು ಮುಟ್ಟಿತ್ತೆಂದು ಆಗ ತಿಳಿಯಿತು. ಅವನ್ನು ಒರಳಿನ ಪಕ್ಕ ಠಣ್ಣನೆ ಇಟ್ಟರು.

“ರುಬ್ಬು” ಎಂದರು ಅಕ್ಕನಿಗೆ.

“ಇವತ್ತ ರುಬ್ಬಿದ್ರ ಹಿಟ್ಟು ಹುಳಿ ಬರೂದು ನಾಳಿ ಮುಂಜಾನಿಗೆ. ನಾವು ಸಂಜಿ ಮೋಟರಿಗೆ ಹೋಗಾವ್ರು.”

“ಯಾರು ಕಳಸ್ತಾರ? ರುಬ್ಬು.”

ನಾನು ಮದುವೆಯಾಗಿ ಬಂದ ಮೇಲೆ ಅತ್ತೆ ರುಬ್ಬುವ ಕಲ್ಲು ಮುಟ್ಟಿದ್ದನ್ನು ಕಂಡಿರಲಿಲ್ಲ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಒರಳಿನ ಮುಂದೆ ಕಾಲು ಚಾಚಿ ಕುಳಿತರು. ನಾನು ಸಹಾಯಕ್ಕೆಂದು ಏಳಹೋದೆ. ನೀಲವ್ವ ನನ್ನ ಕೈ ಹಿಡಿದು ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡರು.